ಕರಾವಳಿಯಲ್ಲಿ ಬ್ರೇಕ್ ಡಿಸ್ಕ್‌ಗೆ ತುಕ್ಕು: ಯಾವುದನ್ನು ಬಿಟ್ಟುಬಿಡಬೇಕು, ಯಾವುದಕ್ಕೆ ಚಕ್ರ ಬಿಚ್ಚಬೇಕು

ಹೋದ ವರ್ಷ ಜುಲೈನಲ್ಲಿ ಮೂರು ವಾರ ಶಿರಸಿಯ ಮಾವನ ಮನೆಯಲ್ಲಿದ್ದೆವು. ಹೋಗಿ ಬಂದದ್ದು ಭಾವನ ಗಾಡಿಯಲ್ಲಿ. ನಮ್ಮ ಕಾರು ಕಾರವಾರದಲ್ಲಿ, ಕೋಡಿಬಾಗದ ಮನೆಯ ಅಂಗಳದಲ್ಲಿ, ಮಳೆಗೆ ನಿಂತೇ ಇತ್ತು. ವಾಪಸ್ ಬಂದು ನೋಡಿದರೆ ಚಕ್ರದ ಸಂದಿಯಲ್ಲಿ ಕಾಣುವ ಡಿಸ್ಕ್ ಪೂರಾ ಕೆಂಪು. ಹಬ್ಬಕ್ಕೆ ಜಗುಲಿಯ ಅಂಚಿಗೆ ಕೆಮ್ಮಣ್ಣು ಬಳಿದ ಹಾಗೆ.

ಭಾವ ಬಗ್ಗಿ ನೋಡಿ ಗಾಬರಿಯಾದ. "ಎಂತ ಭಾವ ಇದು, ನಿಮ್ಮ ಬ್ರೇಕ್ ಹೋಯ್ತಲ್ಲ!"

"ಬ್ರೇಕ್ ಹೋಗಲಿಲ್ಲ ಭಾವ. ಗಾಡಿ ಎಲ್ಲೂ ಹೋಗಲಿಲ್ಲ, ಅದಕ್ಕೇ ಹೀಗಾಗಿದೆ" ಅಂದೆ.

ಅವತ್ತು ನನ್ನ ಮಾತೇ ಸರಿಯಾಯ್ತು. ಗೇಟು ದಾಟಿ ಮೊದಲ ಸಲ ಬ್ರೇಕ್ ಒತ್ತಿದಾಗ ಜರ್ರ್ ಅಂತ ಸದ್ದು. ಹೆದ್ದಾರಿಗೆ ಹತ್ತುವಷ್ಟರಲ್ಲಿ ಅರ್ಧ ಸದ್ದು. ಮೀನು ಮಾರ್ಕೆಟ್ ಮುಂದೆ ಇಳಿದು ನೋಡಿದರೆ ಡಿಸ್ಕ್ ಸ್ಟೀಲ್ ತಟ್ಟೆಯ ಹಾಗೆ ಫಳಫಳ. ನನಗೂ ಸ್ವಲ್ಪ ಜಂಬ ಬಂತು. ಆ ಜಂಬ ಇಳಿದದ್ದು ಅಕ್ಟೋಬರಿನಲ್ಲಿ. ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿದಾಗಲೆಲ್ಲ ಕಾರು ಎಡಕ್ಕೆ ಎಳೆಯುತ್ತಿತ್ತು. ಕತಗಾಲದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಎಡಗಡೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಮನೆಗೆ ಬಂದು ಚಕ್ರ ಬಿಚ್ಚಿದಾಗ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡುಗಳಲ್ಲಿ ಹೊರಗಿನದ್ದು ಸುಮಾರು 6 ಮಿಲಿಮೀಟರ್ ಇತ್ತು, ಒಳಗಿನದ್ದು 2 ಕೂಡ ಇಲ್ಲ. ಪ್ಯಾಡುಗಳನ್ನು ಡಿಸ್ಕ್‌ಗೆ ಒತ್ತುವ ಹಿಡಿಕೆ, ಅಂದರೆ ಕ್ಯಾಲಿಪರ್, ಜಾರುವ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ಅಂದರೆ, ಕಣ್ಣಿಗೆ ಕಾಣುವ ಕೆಂಪು ಡಿಸ್ಕ್‌ಗೆ ನಾವು ಸುಮ್ನೆ ಹೆದರುತ್ತೇವೆ. ಕಾಣದ ಜಾಗದ ತುಕ್ಕು ಆರಾಮಾಗಿ ತನ್ನ ಕೆಲಸ ಮಾಡುತ್ತಿರುತ್ತದೆ. ಕೆಳಗೆ ಬರೆದಿರುವುದೆಲ್ಲ ಈ ಎರಡನ್ನೂ ಬೇರೆ ಮಾಡಿ ನೋಡುವ ಬಗ್ಗೆ.

ಡಿಸ್ಕ್‌ಗೇ ಯಾಕೆ ಇಷ್ಟು ಬೇಗ?

ಕಾರಿನ ಡಿಸ್ಕ್ ಅಂದರೆ ಬೀಡು ಕಬ್ಬಿಣದ ತಟ್ಟೆ. ರೋಟರ್ ಅಂತಲೂ ಕರೆಯುತ್ತಾರೆ. ಪ್ಯಾಡ್ ಉಜ್ಜುವ ಜಾಗಕ್ಕೆ ಬಣ್ಣ ಬಳಿಯುವ ಹಾಗಿಲ್ಲ, ಎಣ್ಣೆ ಸವರುವ ಹಾಗಂತೂ ಇಲ್ಲವೇ ಇಲ್ಲ. ಇಡೀ ಕಾರಿನಲ್ಲಿ ಮೈಗೆ ಏನೂ ಇಲ್ಲದೆ ಬರಿಯ ಕಬ್ಬಿಣ ಗಾಳಿಗೆ ತೆರೆದು ನಿಂತಿರುವುದು ಮುಖ್ಯವಾಗಿ ಇಲ್ಲೇ. ನೀರು ಬಿದ್ದರೆ ಒಂದೆರಡು ಗಂಟೆಯಲ್ಲೇ ಕೆಂಪಾಗಬಹುದು.

ಬೈಕಿನ ಡಿಸ್ಕ್ ಯಾಕೆ ಹೀಗಾಗಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಬೈಕಿನದ್ದು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್. ಕಾರು ಭಾರ ಜಾಸ್ತಿ, ಬ್ರೇಕಿನಲ್ಲಿ ಹುಟ್ಟುವ ಬಿಸಿಯೂ ಜಾಸ್ತಿ. ಆ ಬಿಸಿಯನ್ನು ಬೇಗ ಹರಡುವುದಕ್ಕೆ, ಕಂಪನ ನುಂಗುವುದಕ್ಕೆ ಬೀಡು ಕಬ್ಬಿಣವೇ ಒಳ್ಳೆಯದು, ಬೆಲೆಯೂ ಕಡಿಮೆ. ಅದರ ಜೊತೆಗೆ ತುಕ್ಕು ಬರುತ್ತದೆ.

ನಮ್ಮ ಕಡೆ ಇದಕ್ಕೆ ಉಪ್ಪೂ ಸೇರುತ್ತದೆ. ಅಡಿಗೆ ಮನೆಯ ಕಲ್ಲುಪ್ಪಿನ ಭರಣಿ ಆಷಾಢದಲ್ಲಿ ನೀರು ಬಿಡುವುದನ್ನು ನೋಡಿದ್ದೀರಲ್ವಾ? ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನಾಗೇ ನೀರು ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಕಡಿಮೆ ತೇವಕ್ಕೇ ಒದ್ದೆಯಾಗುತ್ತದೆ. ಅದಕ್ಕೇ ಬೈತಖೋಲ ಕಡೆ, ಟಾಗೋರ್ ಕಡಲತೀರದ ರಸ್ತೆಯಲ್ಲಿ ನಿಲ್ಲಿಸಿದ ಕಾರಿಗೆ ಮಳೆಯೇ ಬೀಳದಿದ್ದರೂ ತುಕ್ಕು ಬರುತ್ತದೆ. ಡಿಸ್ಕ್ ಮೇಲೆ ಕೂತ ಉಪ್ಪಿನ ಕಣ ರಾತ್ರಿಯೆಲ್ಲ ಒದ್ದೆಯಾಗಿಯೇ ಇರುತ್ತದೆ. ಶಿರಸಿಯಲ್ಲಿ ಮಳೆಗೇನೂ ಕಡಿಮೆ ಇಲ್ಲ, ಆದರೆ ಅಲ್ಲಿನ ಗಾಳಿಯಲ್ಲಿ ಉಪ್ಪಿಲ್ಲ. ಭಾವ ಗಾಬರಿಯಾದದ್ದರಲ್ಲಿ ಅವನ ತಪ್ಪಿಲ್ಲ ಬಿಡಿ.

ಮೊದಲು ಗುರುತಿಸಿ

ಕಾರು ತಣ್ಣಗಿರುವಾಗ ನೋಡಿ. ಓಡಿಸಿ ಬಂದ ತಕ್ಷಣ ಡಿಸ್ಕ್ ಮುಟ್ಟಿದರೆ ಬೆರಳು ಸುಡುತ್ತದೆ.

ಕಿತ್ತಳೆ ಬಣ್ಣದ ತೆಳು ಪುಡಿ, ಬೆರಳಲ್ಲಿ ಒರೆಸಿದರೆ ಕೈಗೆ ಹತ್ತುತ್ತದೆ ಅಂದರೆ ಅದು ಒಂದು ರಾತ್ರಿಯ, ಒಂದು ವಾರದ ತುಕ್ಕು. ಇದಕ್ಕೆ ಏನೂ ಮಾಡಬೇಕಿಲ್ಲ. ಮನೆಯ ಈಳಿಗೆಮಣೆಯೂ ಹೀಗೇ ಅಲ್ವಾ, ರಾತ್ರಿ ಒದ್ದೆ ಇಟ್ಟರೆ ಬೆಳಿಗ್ಗೆ ಕೆಂಪು, ಎರಡು ಸೌತೆಕಾಯಿ ಹೆಚ್ಚಿದರೆ ಬೆಳ್ಳಗೆ.

ಬಣ್ಣ ಕಂದಾಗಿದೆ, ಪ್ಯಾಡ್ ಕೂತಿದ್ದ ಜಾಗದಲ್ಲಿ ಅಚ್ಚು ಒತ್ತಿದ ಹಾಗೆ ಒಂದು ಗುರುತು ಇದೆ ಅಂದರೆ ಗಾಡಿ ವಾರಗಟ್ಟಲೆ ನಿಂತಿದೆ. ಓಡಿಸಿದರೆ ಬಹುಪಾಲು ಹೋಗುತ್ತದೆ. ಆ ಅಚ್ಚು ಮಾತ್ರ ಕೆಲವೊಮ್ಮೆ ಹೋಗುವುದಿಲ್ಲ. ಆಗ ನಿಧಾನಕ್ಕೆ ಬ್ರೇಕ್ ಹಾಕುವಾಗ ಚಕ್ರದ ಒಂದೊಂದು ಸುತ್ತಿಗೆ ಒಂದೊಂದು ಸಲ ಪೆಡಲ್ ಮಿಡಿದ ಹಾಗೆ ಆಗುತ್ತದೆ.

ಮೂರನೆಯದು ಹಕ್ಕಳೆ ಏಳುವ ತುಕ್ಕು. ಉಗುರು ಎಳೆದರೆ ಗುಳಿಗಳಿಗೆ ಸಿಕ್ಕಿಕೊಳ್ಳುತ್ತದೆ. ನೂರು ಕಿಲೋಮೀಟರ್ ಓಡಿಸಿದ ಮೇಲೂ ಡಿಸ್ಕ್‌ನ ಉಜ್ಜುವ ಮುಖದ ಅಂಚಲ್ಲೋ ನಡುವೆಯೋ ಕಪ್ಪು ಪಟ್ಟಿ ಉಳಿದಿರುತ್ತದೆ. ಪಟ್ಟಿ ಉಳಿದಿದೆ ಅಂದರೆ ಆ ಜಾಗಕ್ಕೆ ಪ್ಯಾಡ್ ಮುಟ್ಟುತ್ತಲೇ ಇಲ್ಲ ಅಂತ ಅರ್ಥ. ಇಂಥದ್ದಕ್ಕೆ ಚಕ್ರ ಬಿಚ್ಚಲೇಬೇಕು.

ಹೊರಗಿನ ಮುಖ ನೋಡಿ ಸುಮ್ಮನಾಗಬೇಡಿ. ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಮೊಬೈಲಿನ ಟಾರ್ಚ್ ಹಾಕಿ, ಚಕ್ರದ ಹಿಂದಿನಿಂದ ಒಂದು ಫೋಟೋ ತೆಗೆಯಿರಿ. ಒಳಮುಖ ಹೊರಮುಖದ ಹಾಗೇ ಹೊಳೆಯುತ್ತಿರಬೇಕು. ನಾನು ಜುಲೈನಲ್ಲಿ ಈ ಒಂದು ಫೋಟೋ ತೆಗೆದಿದ್ದರೆ ಅಕ್ಟೋಬರ್‌ವರೆಗೆ ಕಾಯಬೇಕಿರಲಿಲ್ಲ.

ಓಡಿಸಿ ತೆಗೆಯುವುದು

ಮೊದಲೆರಡು ಬಗೆಯ ತುಕ್ಕಿಗೆ ಇದೇ ಮದ್ದು. ಹೊರಡುವ ಮುಂಚೆ ಪೆಡಲ್ ಎರಡು ಮೂರು ಸಲ ಒತ್ತಿ, ಗಟ್ಟಿಯಾಗಿ ನಿಲ್ಲುತ್ತದಾ ನೋಡಿ. ಅಂಗಳದಲ್ಲೇ ನಡಿಗೆಯ ವೇಗದಲ್ಲಿ ಒಂದು ಸಲ ನಿಲ್ಲಿಸಿ. ಆಮೇಲೆ ಖಾಲಿ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಿಂದ 10ಕ್ಕೆ, ಮೆತ್ತಗೆ ಆದರೆ ಸ್ವಲ್ಪ ಹೊತ್ತು ಒತ್ತಿ ಹಿಡಿದು ಇಳಿಸಿ. ಹೀಗೆ ಎಂಟು ಹತ್ತು ಸಲ. ಹಿಂದೆ ಗಾಡಿ ಇಲ್ಲ ಅಂತ ಪ್ರತಿ ಸಲ ಕನ್ನಡಿ ನೋಡಿಕೊಳ್ಳಿ.

ಧಡಕ್ಕನೆ ಒತ್ತಿ ಉಜ್ಜುವುದು ಬೇಡ. ತುಕ್ಕಿನ ಪುಡಿ ಪ್ಯಾಡಿನೊಳಗೆ ಹೂತುಕೊಂಡರೆ ಡಿಸ್ಕ್‌ಗೆ ಗೀರು ಬೀಳುತ್ತದೆ. ತುಂಬ ದಿನ ನಿಂತ ಗಾಡಿಯನ್ನು ನೇರವಾಗಿ ಘಟ್ಟಕ್ಕೆ ಒಯ್ಯುವುದಂತೂ ಬೇಡವೇ ಬೇಡ. ಅಂಕೋಲಾಕ್ಕೆ ಹೋಗಿಬಂದು ನೋಡಿ, ಆಮೇಲೆ ಅರಬೈಲ್ ಘಟ್ಟ ಹತ್ತಿ.

ಚಕ್ರ ಬಿಚ್ಚುವುದಾದರೆ

ಇದು ಮುಂದಿನ ಡಿಸ್ಕ್‌ಗೆ ಮಾತ್ರ. ಹಿಂದೆಯೂ ಡಿಸ್ಕ್ ಇದ್ದು, ಬಟನ್ ಒತ್ತುವ ಪಾರ್ಕಿಂಗ್ ಬ್ರೇಕ್ ಇದ್ದರೆ ಆ ಕೆಲಸ ಗ್ಯಾರೇಜಿಗೇ ಬಿಡಿ.

ಬೇಕಾಗುವುದು: ಜ್ಯಾಕ್, ಎರಡು ಸ್ಟ್ಯಾಂಡ್, ವೀಲ್ ಸ್ಪ್ಯಾನರ್, ಕ್ಯಾಲಿಪರ್ ಬೋಲ್ಟಿಗೆ ಹೊಂದುವ ಸಾಕೆಟ್, ವೈರ್ ಬ್ರಷ್, 80 ಮತ್ತು 120 ನಂಬರಿನ ಎಮರಿ ಪೇಪರ್, ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್, ದಪ್ಪ ಅಳೆಯುವ ವರ್ನಿಯರ್, ಕಟ್ಟು ತಂತಿ, ಮಾಸ್ಕ್, ಗ್ಲೌಸ್.

ಕೆಂಪು ಮಣ್ಣಿನ ಅಂಗಳ ಮಳೆಯಲ್ಲಿ ಮೆತ್ತಗಿರುತ್ತದೆ, ಜ್ಯಾಕ್ ಹೂತುಹೋಗುತ್ತದೆ. ಸಿಮೆಂಟು ನೆಲ ಹುಡುಕಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಚಿರೆಕಲ್ಲು ಕೊಡಿ. ಆದರೆ ಕಾರಿನ ಅಡಿಗೆ ಸ್ಟ್ಯಾಂಡಿನ ಬದಲು ಚಿರೆಕಲ್ಲು ಪೇರಿಸಿ ಇಡುವುದನ್ನು ನಮ್ಮ ಕಡೆ ಕೆಲವರು ಮಾಡುತ್ತಾರೆ, ಅದು ಮಾತ್ರ ಬೇಡ. ಚಿರೆಕಲ್ಲು ಗೋಡೆಗೆ ಸರಿ. ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಪುಡಿಯಾಗುತ್ತದೆ, ಅದೂ ಹೇಳದೆ ಕೇಳದೆ.

ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ. ಕ್ಯಾಲಿಪರಿನ ಹಿಂದೆ ಎರಡು ಪಿನ್ ಬೋಲ್ಟ್ ಇರುತ್ತವೆ. ಅವನ್ನು ಬಿಚ್ಚಿ ಕ್ಯಾಲಿಪರ್ ಎತ್ತಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ನೇತುಹಾಕಿ. ಬ್ರೇಕ್ ಪೈಪಿನ ಮೇಲೆ ಜೋತುಬಿಡಬೇಡಿ, ಒಳಗೆ ಹರಿದರೆ ಹೊರಗೆ ಗೊತ್ತಾಗಲ್ಲ. ಕ್ಯಾಲಿಪರ್ ತೆಗೆದಿರುವಾಗ ಯಾರೂ ಪೆಡಲ್ ಒತ್ತಬಾರದು. ಮಕ್ಕಳು ಇದ್ದರೆ ಕಾರಿಗೆ ಬೀಗ ಹಾಕಿ.

ಧೂಳನ್ನು ಬಾಯಿಂದ, ಗಾಳಿಯ ಪೈಪಿನಿಂದ ಊದಬೇಡಿ. ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಿ.

ಈಗ ಅಸಲಿ ತನಿಖೆ. ಪಿನ್ನುಗಳನ್ನು ಬೆರಳಲ್ಲಿ ಹಿಡಿದು ಜಾರಿಸಿ. ಬೆಣ್ಣೆಯಲ್ಲಿ ಚಮಚ ಆಡಿದ ಹಾಗೆ ಹಿಂದೆ ಮುಂದೆ ಹೋಗಬೇಕು. ನನ್ನದು ಬರಲೇ ಇಲ್ಲ. ತಿರುಗಿಸಿ, ಎಳೆದು, ಮತ್ತೆ ತಿರುಗಿಸಿ, ಅರ್ಧ ಗಂಟೆ ಒದ್ದಾಡಿದ ಮೇಲೆ ಪಳಕ್ ಅಂತ ಬಂತು. ಪಿನ್ನಿಗೆ ಹೊದಿಸಿದ ರಬ್ಬರ್ ಬೂಟಿನಲ್ಲಿ ಕೂದಲೆಳೆಯಷ್ಟು ಸೀಳು. ಅದರೊಳಗೆ ಹೋದ ನೀರು ಪಿನ್ನಿನ ಅರ್ಧ ಉದ್ದವನ್ನು ಕಾಫಿ ಗಸಿಯ ಬಣ್ಣ ಮಾಡಿತ್ತು. ಬೂಟಿನ ಬೆಲೆ ತೀರಾ ಕಡಿಮೆ. ಅದು ಹರಿದದ್ದಕ್ಕೆ ಪ್ಯಾಡ್ ಹೋಯ್ತು, ಇನ್ನೆರಡು ಸಲ ಘಟ್ಟ ಇಳಿದಿದ್ದರೆ ಡಿಸ್ಕೂ ಹೋಗುತ್ತಿತ್ತು.

ಪಿನ್ನು ತೆಳುವಾಗಿ ತುಕ್ಕು ಹಿಡಿದಿದ್ದರೆ ನುಣುಪು ಎಮರಿಯಲ್ಲಿ ಒರೆಸಿ, ಕ್ಲೀನರ್ ಹೊಡೆದು, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಗುಳಿ ಬಿದ್ದಿದ್ದರೆ ಪಿನ್ನೇ ಬದಲಿಸಿ. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಇಲ್ಲಿ ನಡೆಯಲ್ಲ. ಪೆಟ್ರೋಲಿಯಂ ಗ್ರೀಸಿಗೆ ರಬ್ಬರ್ ಊದುತ್ತದೆ, ಪಿನ್ನು ಮತ್ತೆ ಕಚ್ಚಿಕೊಳ್ಳುತ್ತದೆ.

ಪ್ಯಾಡಿನ ಎರಡು ತುದಿ ಕೂರುವ ಸ್ಟೀಲ್ ಕ್ಲಿಪ್ಪುಗಳನ್ನೂ ಎಬ್ಬಿಸಿ ನೋಡಿ. ಕರಾವಳಿಯ ಗಾಡಿಗಳಲ್ಲಿ ಕ್ಲಿಪ್ ಹೊಳೆಯುತ್ತಿರುತ್ತದೆ, ಅದರ ಅಡಿಯ ಬ್ರಾಕೆಟ್ ತುಕ್ಕು ಹಿಡಿದು ಉಬ್ಬಿರುತ್ತದೆ. ಉಬ್ಬು ಕ್ಲಿಪ್ಪನ್ನು ತಳ್ಳುತ್ತದೆ, ಪ್ಯಾಡ್ ಬಿಗಿಯಾಗಿ ಸಿಕ್ಕಿಕೊಂಡು ಡಿಸ್ಕ್ ಬಿಡುವುದೇ ಇಲ್ಲ. ವೈರ್ ಬ್ರಷ್‌ನಲ್ಲಿ ಅಡಿಯ ಲೋಹ ಕಾಣುವವರೆಗೆ ಉಜ್ಜಿ. ಪ್ಯಾಡ್ ಕೈಯಲ್ಲೇ ಜಾರಬೇಕು, ಸುತ್ತಿಗೆ ಬೇಕಾದರೆ ಇನ್ನೂ ಉಜ್ಜುವುದಿದೆ ಅಂತ ಅರ್ಥ.

ಆಮೇಲೆ ಡಿಸ್ಕ್. 80ರ ಎಮರಿ ತಗೊಂಡು ಎರಡೂ ಮುಖವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಉಜ್ಜಿ, 120ರಲ್ಲಿ ಮುಗಿಸಿ. ಪ್ಯಾಡ್ ಅಚ್ಚು ಇರುವ ಜಾಗವೊಂದನ್ನೇ ಹಿಡಿದು ತಿಕ್ಕಬೇಡಿ, ಅಲ್ಲಿ ತಗ್ಗಾದರೆ ಮಿಡಿತ ಜಾಸ್ತಿಯಾಗುತ್ತದೆ. ಇದೇ ಕಾರಣಕ್ಕೆ ಗ್ರೈಂಡರ್ ಬೇಡ. ಪ್ಯಾಡನ್ನು ಎಮರಿ ಹಾಸಿದ ಗಾಜಿನ ಚೂರಿನ ಮೇಲೆ ನಾಲ್ಕೈದು ಸಲ ಎಂಟರ ಆಕಾರದಲ್ಲಿ ಎಳೆದರೆ ಸಾಕು.

ಎಣ್ಣೆಯ ವಿಷಯ ಮತ್ತೆ ಹೇಳುತ್ತೇನೆ. ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ ಇಡುವ ಅಭ್ಯಾಸ ನಮಗೆಲ್ಲ ಇದೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಯೂ ಎಲ್ಲರ ಮನೆಯಲ್ಲಿ ಇರುತ್ತದೆ. ಎರಡೂ ಡಿಸ್ಕ್ ಹತ್ತಿರ ಬರಬಾರದು. ಡೀಸೆಲ್, ಸೀಮೆಎಣ್ಣೆ ಕೂಡ. ಪ್ಯಾಡ್ ಎಣ್ಣೆ ಕುಡಿದರೆ ಅದನ್ನು ಎಸೆಯುವುದೇ ದಾರಿ.

ಅಳತೆ

ಡಿಸ್ಕ್‌ನ ನಡುವೆ ಟೋಪಿಯ ಹಾಗೆ ಉಬ್ಬಿದ ಭಾಗದ ಮೇಲೋ ಅಂಚಿನಲ್ಲೋ ಕನಿಷ್ಠ ದಪ್ಪವನ್ನು ಒತ್ತಿರುತ್ತಾರೆ. ತುಕ್ಕು ಮುಚ್ಚಿದ್ದರೆ ಬ್ರಷ್ ಹಾಕಿ ಹುಡುಕಿ. ಹೊಸ ಡಿಸ್ಕ್‌ಗೂ ಕನಿಷ್ಠಕ್ಕೂ ಇರುವ ಅಂತರ ಸಾಮಾನ್ಯವಾಗಿ 2 ಮಿಲಿಮೀಟರ್ ಆಸುಪಾಸು ಮಾತ್ರ.

ವರ್ನಿಯರ್ ಇಡುವಾಗ ಎಲ್ಲರೂ ಮೋಸ ಹೋಗುವುದು ಅಂಚಿನಲ್ಲಿ. ಅಲ್ಲಿ ಪ್ಯಾಡ್ ಮುಟ್ಟದ ಒಂದು ದಿಣ್ಣೆ ಇರುತ್ತದೆ, ಮೇಲೆ ತುಕ್ಕು ಬೇರೆ. ಅಳತೆ ಜಾಸ್ತಿ ತೋರಿಸುತ್ತದೆ. ಒಂದೇ ತರಹದ ಎರಡು ನಾಣ್ಯ ತಗೊಳ್ಳಿ. ಎರಡನ್ನೂ ಸೇರಿಸಿ ಅಳೆದಿಡಿ. ಆಮೇಲೆ ಡಿಸ್ಕ್‌ನ ಉಜ್ಜುವ ಭಾಗಕ್ಕೆ ಆಚೆ ಈಚೆ ಒಂದೊಂದು ನಾಣ್ಯ ಇಟ್ಟು, ಮೇಲಿಂದ ವರ್ನಿಯರ್ ಹಿಡಿದು ಅಳೆಯಿರಿ. ನಾಣ್ಯಗಳ ದಪ್ಪ ಕಳೆಯಿರಿ. ಮೂರು ನಾಲ್ಕು ಕಡೆ ಹೀಗೆ ಮಾಡಿ, ಎಲ್ಲಕ್ಕಿಂತ ಕಡಿಮೆ ಬಂದದ್ದೇ ಲೆಕ್ಕ.

ಪ್ಯಾಡ್ 3 ಮಿಲಿಮೀಟರ್‌ಗೆ ಬಂದರೆ ಬದಲಿಸಿ. ಘಟ್ಟ ಹತ್ತಿಳಿಯುವವರು 4ಕ್ಕೇ ಬದಲಿಸಿದರೆ ನಾನು ದುಂದು ಅನ್ನುವುದಿಲ್ಲ. ಪ್ಯಾಡ್ ಆಗಲಿ ಡಿಸ್ಕ್ ಆಗಲಿ, ಎಡಬಲ ಜೋಡಿಯಾಗಿಯೇ ಬದಲಿಸಬೇಕು.

ಡಿಸ್ಕ್ ತೆಗೆದರೆ ಅದರ ಬೆನ್ನು ನೋಡಿ

ಡಿಸ್ಕ್ ತಾನು ಕೂರುವ ಹಬ್ಬಿಗೆ (ಚಕ್ರದ ನಡುವಿನ ತಿರುಗುವ ಭಾಗಕ್ಕೆ) ತುಕ್ಕಿನಿಂದಲೇ ಅಂಟಿರುತ್ತದೆ. ಹಲವು ಗಾಡಿಗಳ ಡಿಸ್ಕ್‌ನಲ್ಲಿ ಬೋಲ್ಟ್ ತಿರುಗಿಸಲು ಥ್ರೆಡ್ ಇರುವ ಎರಡು ಸಣ್ಣ ತೂತು ಇರುತ್ತವೆ. ಅದಕ್ಕೆ ಹೊಂದುವ ಬೋಲ್ಟ್ ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಗಿಯುತ್ತ ಹೋದರೆ ಡಿಸ್ಕ್ ತಾನೇ ಎದ್ದು ಬರುತ್ತದೆ. ಸುತ್ತಿಗೆಗಿಂತ ಇದು ಎಷ್ಟೋ ವಾಸಿ.

ಹಬ್ಬಿನ ಮುಖವನ್ನು ವೈರ್ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿ. ಇಲ್ಲಿ ಉಳಿದ ಒಂದು ಹಕ್ಕಳೆ ಡಿಸ್ಕನ್ನು ಓರೆ ಕೂರಿಸುತ್ತದೆ. ಓರೆ ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರ್ ಒಳಗೇ ಇರಬೇಕು. ಅದಕ್ಕಿಂತ ಜಾಸ್ತಿಯಾದರೆ ಓಡಿಸುತ್ತ ಹೋದಂತೆ ಹೆದ್ದಾರಿಯ ವೇಗದಲ್ಲಿ ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ನಡುಗುತ್ತದೆ. "ಹೊಸ ಡಿಸ್ಕ್ ಹಾಕಿಸಿದೆ, ಆದರೂ ನಡುಗುತ್ತೆ" ಅನ್ನುವ ದೂರಿಗೆ ಮೊದಲು ನೋಡಬೇಕಾದ ಜಾಗ ಇದು.

ಹೊಸ ಡಿಸ್ಕ್ ಮೇಲೆ ತುಕ್ಕು ತಡೆಯುವ ಎಣ್ಣೆ ಇರುತ್ತದೆ. ಕ್ಲೀನರ್ ಹೊಡೆದು ಒರೆಸದೆ ಹಾಕಬೇಡಿ. ನಡುವಿನ ಟೋಪಿ, ಅಂಚುಗಳಿಗೆ ಲೇಪ ಇರುವ ಡಿಸ್ಕ್ ಸಿಕ್ಕರೆ ಕರಾವಳಿಗೆ ಅದನ್ನೇ ತಗೊಳ್ಳಿ. ಉಜ್ಜುವ ಮುಖದ ಲೇಪ ಮೊದಲ ದಿನವೇ ಹೋಗುತ್ತದೆ, ಉಳಿದ ಕಡೆ ವರ್ಷಗಟ್ಟಲೆ ಇರುತ್ತದೆ.

ಮತ್ತೆ ಜೋಡಿಸಿ

ಬಿಚ್ಚಿದ್ದರ ತಿರುಗುಮುರುಗು. ಹೊಸ ಪ್ಯಾಡ್ ಆದರೆ ಕ್ಯಾಲಿಪರಿನಲ್ಲಿ ಪ್ಯಾಡ್ ಒತ್ತುವ ಪಿಸ್ಟನ್ ಒಳಗೆ ತಳ್ಳಬೇಕಾಗುತ್ತದೆ. ಆಗ ಬಾನೆಟ್ಟಿನಲ್ಲಿ ಬ್ರೇಕ್ ಎಣ್ಣೆಯ ಡಬ್ಬಿ ತುಂಬಿ ಚೆಲ್ಲದ ಹಾಗೆ ನೋಡಿಕೊಳ್ಳಿ, ಅದು ಬಿದ್ದಲ್ಲಿ ಕಾರಿನ ಬಣ್ಣ ಎದ್ದುಬರುತ್ತದೆ. ಬೋಲ್ಟು, ಚಕ್ರದ ನಟ್ಟುಗಳ ಬಿಗಿ ಗಾಡಿಯ ಕೈಪಿಡಿಯಲ್ಲಿ ಇರುವಷ್ಟೇ ಇರಲಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ.

ಕಾರು ಕೆಳಗಿಳಿಸಿದ ಮೇಲೆ, ಎಂಜಿನ್ ಚಾಲೂ ಮಾಡಿ ಗೇರು ಹಾಕುವ ಮುಂಚೆ, ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಇದನ್ನು ಮರೆತರೆ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ಗೋಡೆಗೆ ಹೋಗುತ್ತದೆ.

ಹೊಸ ಪ್ಯಾಡ್ ಅಥವಾ ಡಿಸ್ಕ್ ಹಾಕಿದ್ದರೆ ಖಾಲಿ ರಸ್ತೆಯಲ್ಲಿ 60ರಿಂದ 15ಕ್ಕೆ ಎಂಟು ಹತ್ತು ಸಲ ಇಳಿಸಿ, ನಡುವೆ ಅರ್ಧ ನಿಮಿಷ ಬಿಡುವು ಕೊಟ್ಟು. ಪೂರ್ತಿ ನಿಲ್ಲಿಸಬೇಡಿ, ಬಿಸಿ ಡಿಸ್ಕ್ ಮೇಲೆ ಪ್ಯಾಡ್ ಅಚ್ಚು ಬೀಳುತ್ತದೆ. ಕೊನೆಗೆ ಐದು ಹತ್ತು ನಿಮಿಷ ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ ಆರಿಸಿ.

ಗ್ಯಾರೇಜಿನವರು "ಡಿಸ್ಕ್ ಹೋಗಿದೆ" ಅಂದರೆ

ಹಿಂದಿನ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೊರಗಿನಿಂದಲೇ ಕೆಂಪು ನೋಡಿ ನಾಲ್ಕು ಸಾಮಾನಿನ ಪಟ್ಟಿ ಬರೆದರು. "ಎಷ್ಟು ದಪ್ಪ ಬಂತು?" ಅಂತ ಕೇಳಿದೆ. ಅಳೆದೇ ಇರಲಿಲ್ಲ. ಕಾರು ತಗೊಂಡು ಬಂದೆ, ಆ ಡಿಸ್ಕ್ ಇನ್ನೂ ಎರಡು ವರ್ಷ ಓಡಿತು. ಆದ್ದರಿಂದ ಅಳತೆ ಕೇಳಿ, ಕನಿಷ್ಠ ದಪ್ಪ ಎಲ್ಲಿ ಬರೆದಿದೆ ತೋರಿಸಿ ಅನ್ನಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ. ಡಿಸ್ಕ್‌ನ ಮುಖ ಹೆರೆದು ಸಮ ಮಾಡಲು ಲೇತ್ ಹೊಡೆಸುವುದಾದರೂ ಅಷ್ಟೇ, ಹೊಡೆಸಿದ ಮೇಲೆ ಉಳಿಯುವ ದಪ್ಪ ಕನಿಷ್ಠಕ್ಕಿಂತ ಮೇಲಿರಬೇಕು. ಬಿರುಕು, ಆಳದ ಗುಳಿ, ಅಂಚು ಕಳಚುವುದು ಕಂಡರೆ ಮಾತ್ರ ಚೌಕಾಸಿ ಬೇಡ, ಬದಲಿಸಿ.

ಮಳೆಗಾಲಕ್ಕೆ

ವಾರಕ್ಕೆ ಎರಡು ಸಲವಾದರೂ ಓಡಿಸಿ. ನಾನು ಭಾನುವಾರ ಕಾಳಿ ಸೇತುವೆ ದಾಟಿ ಸದಾಶಿವಗಡದವರೆಗೆ ಹೋಗಿಬರುತ್ತೇನೆ. ಮನೆ ಮುಟ್ಟುವ ಮುಂಚೆ ನಾಲ್ಕು ಸಲ ಮೆತ್ತಗೆ ಬ್ರೇಕ್ ಒತ್ತಿದರೆ ಡಿಸ್ಕ್ ಬಿಸಿಯಾಗಿ ಒಣಗುತ್ತದೆ. ಒಣಗಿದ ಡಿಸ್ಕ್ ಕೆಂಪಾಗುವುದು ನಿಧಾನ.

ಕಡಲತೀರದ ಮರಳಿಗೆ ಇಳಿಸಿದ್ದರೆ ಸಿಹಿನೀರಲ್ಲಿ ಚಕ್ರ ತೊಳೆದು ಒಂದು ಸುತ್ತು ಓಡಿಸಿ. ತೀರದ ಹತ್ತಿರದ ಬಾವಿನೀರು ಉಪ್ಪಾಗಿದ್ದರೆ ತೊಳೆಯದಿರುವುದೇ ಮೇಲು. ಘಟ್ಟ ಇಳಿದು ಬಂದ ಬಿಸಿ ಡಿಸ್ಕ್‌ಗೆ ನೀರು ಬಿಡಬೇಡಿ, ಅರ್ಧ ಗಂಟೆ ಕಾಯಿರಿ. ಪ್ಲಾಸ್ಟಿಕ್ ಕವರ್ ನೆಲದವರೆಗೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ. ಮೇಲೆ ಸೂರು ಇದ್ದು ಗಾಳಿಯಾಡುವ ಜಾಗ ಒಳ್ಳೆಯದು.

ಎಲೆಕ್ಟ್ರಿಕ್ ಕಾರಿನವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ವೇಗ ಇಳಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡುತ್ತದೆ. ಪ್ಯಾಡ್ ಡಿಸ್ಕನ್ನು ಮುಟ್ಟುವುದೇ ಕಡಿಮೆ, ದಿನಾ ಓಡಿಸಿದರೂ ತುಕ್ಕು ಉಳಿಯುತ್ತದೆ. ಆ ಸೌಲಭ್ಯವನ್ನು (ರೀಜನರೇಟಿವ್ ಬ್ರೇಕಿಂಗ್) ಕಡಿಮೆ ಮಟ್ಟಕ್ಕೆ ಇಟ್ಟು, ವಾರಕ್ಕೊಮ್ಮೆ ಪೆಡಲ್ ಒತ್ತಿಯೇ ನಿಲ್ಲಿಸಿ.

ಕೊನೆಯದು ಹ್ಯಾಂಡ್‌ಬ್ರೇಕ್. ಒದ್ದೆ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆದು ಹದಿನೈದು ದಿನ ಬಿಟ್ಟರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನಲ್ಲಿ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತುವ ಭಾಗ) ಅಂಟಿಕೊಳ್ಳುತ್ತದೆ, ಚಕ್ರ ತಿರುಗುವುದಿಲ್ಲ. ಹಾಗಾದರೆ ಆಕ್ಸಿಲೇಟರ್ ತುಳಿದು ಎಳೆಸಬೇಡಿ. ಒಂದನೇ ಗೇರು, ರಿವರ್ಸ್, ಮತ್ತೆ ಒಂದನೇ ಗೇರು ಅಂತ ಮೆಲ್ಲಗೆ ಅಲ್ಲಾಡಿಸಿ. ಬಿಡದಿದ್ದರೆ ಚಕ್ರ ತೆಗೆದು ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಲ್ಲಿ ತಟ್ಟಿ. ಇದೆಲ್ಲ ಬೇಡ ಅಂದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಒಂದನೇ ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ಚಕ್ರದ ಮುಂದೆ ಹಿಂದೆ ಚಿರೆಕಲ್ಲು ಇಡಿ. ಕಲ್ಲು ಇಟ್ಟಿದ್ದೇನೆ ಅಂತ ಚೀಟಿ ಬರೆದು ಸ್ಟಿಯರಿಂಗಿಗೆ ಅಂಟಿಸಿ. ನಾನು ಎರಡು ಸಲ ಮರೆತು ಕಲ್ಲಿನ ಮೇಲೇ ಹತ್ತಿಸಿದ್ದೇನೆ.